ಇಪ್ಪತ್ತನೇ ಲೆವೆಲ್

ಕೈಪಿಡಿಯ ನಾಲ್ಕನೇ ಪುಟ ಹೇಳುತ್ತದೆ:
ಮಾತಿನ ಎರಡು ಮಗ್ಗುಲಿಗೂ ಎರಡೆರಡು ಚುಕ್ಕಿ ಇಡು,
ಮಾತು ದಪ್ಪಗಾಗುತ್ತದೆ.
ಇಟ್ಟೆ. ಆಯಿತು.
ಹಟ್ಟಿಯ ಸೇಫ್ಟಿ ಆಫೀಸಿನ ಮಂಕು ಪರದೆಯ ಮೇಲೆ
'ಎಚ್ಚರಿಕೆ' ಅನ್ನುವುದು ಕಂಬಳಿ ಹೊದ್ದು ಕೂತಿತು.

ಆದರೆ ಎಚ್ಚರಿಕೆಯನ್ನು ಯಾರು ಓದುತ್ತಾರೆ.
ನನಗೆ ದಪ್ಪಗೆ ಬೇಕಿದ್ದದ್ದು 'ಬಾರದು'.
ಕೇಜು ನಿಲ್ಲುವ ಮೊದಲು ಗೇಟು ತೆರೆಯಬಾರದು.
ಮದ್ದು ಹಾರಿದ ಮೇಲೆ ಅರ್ಧ ತಾಸು ಒಳಗೆ ಕಾಲಿಡಬಾರದು.
ನಮ್ಮಲ್ಲಿ ಬೇಡ ಅನ್ನುವುದು ಬೆನ್ನಿಗೆ ಕಟ್ಟಿದ ಕೂಸು,
ಮಾಡುವ ಮಾತಿಗೂ ಅದಕ್ಕೂ ನಡುವೆ
ಕೂದಲು ತೂರುವಷ್ಟು ಜಾಗವಿಲ್ಲ.
'ಪದದ ನಡುವೆ ಇಟ್ಟರೂ ನಡೆಯುತ್ತದೆ', ಐದನೇ ಪುಟ.
ನಡೆಯಲಿಲ್ಲ.
ತೆರೆಯಬಾರದು ಎಂದು ಬರೆದದ್ದು
ತೆರೆಯಬಾರದು ಎಂದೇ ಅಚ್ಚಾಗಿ ಬಂತು,
ನಾಲ್ಕು ಚುಕ್ಕಿಯೂ ಸಿಪ್ಪೆ ಸುಲಿಯದೆ.

ಜಾಗ ಬಿಟ್ಟು ನೋಡಿದೆ. ತೆರೆಯ, ಆಮೇಲೆ ಬಾರದು:
ದಪ್ಪಗಾಯಿತು, ಕನ್ನಡ ಮುರಿಯಿತು.
ಪಾಳಿಯ ಸೈರನ್ನಿಗೆ ಹತ್ತು ನಿಮಿಷ.
ಚುಕ್ಕಿ ಸಮೇತ ಹಾಳೆ ತೆಗೆದು
ಶಾಫ್ಟಿನ ಬಾಯಿಗೆ ಓಡಿದೆ.

ಗಂಟೆ ಹೊಡೆದು ಕೇಜು ಇಳಿಸುವ ಲಾಡ್ಲೆಸಾಬ್
ಹಾಳೆಯನ್ನು ಬೆಳಕಿಗೆ ಹಿಡಿದರು.
ಚುಕ್ಕಿಗಳ ಬಗ್ಗೆ ಏನೂ ಅನ್ನಲಿಲ್ಲ.
ಹೆಬ್ಬೆರಳು ಕೆಳಗೆ ಜಾರಿ
ಇವತ್ತು ಕೆಲಸವಿರುವ ಲೆವೆಲ್ಲುಗಳ ಪಟ್ಟಿಯಲ್ಲಿ ನಿಂತಿತು.
"ಇಪ್ಪತ್ತಕ್ಕ ಯಾರನ್ನ ಕಳಸ್ತೀಯವಾ?"

ನಾನು ಬರೆದದ್ದು ಹತ್ತೊಂಬತ್ತು, ಇಪ್ಪತ್ತೊಂದು, ಇಪ್ಪತ್ತೆರಡು.
ಹಾಳೆಯಲ್ಲಿದ್ದದ್ದು ಹತ್ತೊಂಬತ್ತು, ಇಪ್ಪತ್ತು, ಇಪ್ಪತ್ತೊಂದು.
'ನೀವು ಕೊಟ್ಟ ಅಂಕಿಗಳೇ ಉಳಿಯುತ್ತವೆ', ಒಂಬತ್ತನೇ ಪುಟ, ನೆನಪಿದೆ,
ಬದಿಗೆ ನಾನೇ ಪೆನ್ಸಿಲಿನಲ್ಲಿ ಸರಿ ಗುರುತು ಹಾಕಿದ್ದೆ.
ಸಾಲಿನಲ್ಲಿ ಸಂದು ಕಂಡರೆ ಅದಕ್ಕೆ ಸೈರಣೆಯಿಲ್ಲ,
ಬಿದ್ದ ಹಲ್ಲಿನ ಜಾಗದಲ್ಲಿ
ಕೇಳದೆಯೇ ಹಲ್ಲು ಕಟ್ಟುತ್ತದೆ.

ಇಪ್ಪತ್ತನ್ನು ಮುಚ್ಚಿ ಹನ್ನೊಂದು ವರ್ಷ.
"ಅಲ್ಲಿ ನೀರೈತಿ" ಅಂದರು ಲಾಡ್ಲೆಸಾಬ್,
"ನೀರಾಗ ನಮ್ಮ ಮೌನೇಶನ ಬುತ್ತಿ ಡಬ್ಬಿ ಐತಿ.
ಡಬ್ಬಿ ಅಷ್ಟ. ಅಂವ ಮ್ಯಾಲ ಬಂದ,
ಈಗ ಮಾನ್ವಿಯಾಗ ಚಾದ ಅಂಗಡಿ ಇಟ್ಟಾನ."
ನಕ್ಕರು. ನನಗೆ ನಗು ಬರಲಿಲ್ಲ.
ಪಟ್ಟಿಯನ್ನು ಹೊಡೆದು ಹಾಕಿ, ಕೆಳಗೆ
ಕೈಯಾರೆ ಬರೆದುಕೊಂಡರು, ನಿಧಾನಕ್ಕೆ, ಕಿವಿಯ ಮೇಲಿನ ಪೆನ್ನು ತೆಗೆದು.

ರಾತ್ರಿ ಆಫೀಸಿನಲ್ಲಿ ಒಬ್ಬಳೇ ಕೂತು
ಚುಕ್ಕಿಯ ಬದಲು ಅಡಿಗೆರೆ, ಹಿಂಬಾಗಿದ ಗೆರೆ,
ಸಾಲಿನ ಕೊನೆಗೆ ಕಣ್ಣಿಗೆ ಕಾಣದ ಎರಡು ಖಾಲಿ,
ಕೈಪಿಡಿ ಹೇಳಿದ್ದೆಲ್ಲ ಮಾಡಿದೆ.
ಇಪ್ಪತ್ತು ಮತ್ತೆ ಮತ್ತೆ ಎದ್ದು ಬಂತು
ಮೈಯ ನೀರು ಜಾಡಿಸಿಕೊಂಡು.
ಕೊನೆಗೆ, ಕೀಲಿಮಣೆ ಇನ್ನೂ ಕನ್ನಡದಲ್ಲೇ ಇತ್ತೇನೋ,
ಬೆರಳು ತಪ್ಪಿ ಬಿದ್ದವು:

೧೯.
೨೧.
೨೨.

ಅಲುಗಲಿಲ್ಲ.
'ಯಾವ ಅಂಕಿಯಾದರೂ ಸರಿ' ಎಂದಿತ್ತು ಕೈಪಿಡಿ,
ನಮ್ಮವು ಅಂಕಿಗಳೆಂದೇ ಅದಕ್ಕೆ ಗೊತ್ತಿಲ್ಲ.
ಲಿಂಗಸುಗೂರು ಬಸ್ಸಿನ ಹಣೆಯ ಮೇಲಿನ ಈ ಸುರುಳಿಗಳನ್ನು
ಏನೋ ಅಕ್ಷರ ಅಂದುಕೊಂಡು
ಮುಟ್ಟದೆ ಬಿಟ್ಟಿತು.

ಚುಕ್ಕಿಗಳು ಹಾಗೇ ಉಳಿದವು.
ಲಾಡ್ಲೆಸಾಬ್ ಚುಕ್ಕಿಯ ಸಾಲುಗಳನ್ನಷ್ಟೇ ಗಟ್ಟಿಯಾಗಿ ಓದುತ್ತಾರೆ.
ಹೊಸ ಹುಡುಗರು ಹೆಲ್ಮೆಟ್ಟಿನ ಪಟ್ಟಿ ಬಿಗಿಯುತ್ತ ಕೇಳುತ್ತಾರಂತೆ:
ಇವತ್ತ ಎಷ್ಟ ಚುಕ್ಕಿ ಅದಾವ್ರೀ ಸಾಬ್ರ?

ಸಾಫ್ಟ್‌ವೇರು ಮಾಡಿದವರಿಗೆ ಬರೆದಿದ್ದೆ:
ಪುಟ ಹೀಗೆನ್ನುತ್ತದೆ, ಆಗುವುದು ಹೀಗೆ.
ಮೂರು ವಾರಕ್ಕೆ ಉತ್ತರ ಬಂತು.
ಚುಕ್ಕಿಯದು ದೋಷವಲ್ಲ, ಅದರ ಸ್ವಭಾವ,
ಪುಟವನ್ನೇ ತಿದ್ದುತ್ತೇವೆ.
ಕನ್ನಡ ಅಂಕಿಯ ವಿಷಯ ತಿಳಿಸಿದ್ದಕ್ಕೆ ಕೃತಜ್ಞರು,
ಮುಂದಿನ ಆವೃತ್ತಿಯಲ್ಲಿ ಅವನ್ನೂ ಗುರುತಿಸುತ್ತೇವೆ,
ಪಟ್ಟಿ ತಾನಾಗಿ ಸರಿಹೋಗುತ್ತದೆ.

ಪರದೆಯ ಮೂಲೆಯಲ್ಲಿ ಈಗ ದಿನವೂ
ಒಂದು ನೀಲಿ ಗುಂಡಿ ಮಿಟುಕುತ್ತದೆ.
ಅದರ ಮೇಲೆ ಚೀಟಿ ಅಂಟಿಸಿದ್ದೇನೆ, ಕೈಬರಹದ್ದು:
ಒತ್ತಬಾರದು.
'ಬಾರದು' ಅನ್ನುವುದರ ಮೇಲೆ ಎರಡು ಸಲ ಪೆನ್ನಾಡಿಸಿ
ದಪ್ಪ ಮಾಡಿದ್ದೇನೆ.