ಆರಿಸಿದ ಮೇಲೂ

ಗುಂಯ್ ಅನ್ನುತ್ತದೆ, ಟಕ್ ಅಂತ ನಿಲ್ಲುತ್ತದೆ.
ಮೂರು ನಿಮಿಷ ಬಿಟ್ಟು ಮತ್ತೆ ಗುಂಯ್, ಮತ್ತೆ ಟಕ್.
ಏಳಲು ಹೋಗಿ ಹೋಗಿ ಕುಸಿಯುವ ಎಮ್ಮೆ,
ತಾರಸಿಯ ಮೇಲಿನ ಆ ಡಬ್ಬ.
ಕೆಳಗೆ ನನ್ನ ಪಾರ್ಲರಿನಲ್ಲಿ ಬರೀ ಗಾಳಿ,
ಏಪ್ರಿಲ್ಲಿನ ಮಂಡ್ಯದ ಗಾಳಿ,
ಕಾದ ಕೊಪ್ಪರಿಗೆಯ ಬಾಯಿಂದ ಬಂದದ್ದು.

ಸಂಜೆ ಕಲ್ಲಹಳ್ಳಿಯ ತೇಜಾವತಿಯ ಆರತಕ್ಷತೆ.
ಬೆವರಿದ ಹಣೆಯ ಮೇಲೆ ಯಾವ ಬಣ್ಣವೂ ಕೂರುವುದಿಲ್ಲ.
ಇದಾಯತ್ ಫೋನಿನಲ್ಲಿ:
"ಗುರುವಾರ ಬತ್ತೀನಕ್ಕ, ಊರ್ ತುಂಬ ಏಸಿ ಕೆಟ್ಟವೆ."
ಇವತ್ತು ಸೋಮವಾರ.

ಮೇನ್ ಆರಿಸಿದೆ. ಯಾರೂ ಮುಟ್ಟದಿರಲೆಂದು
ಎಂಸಿಬಿಯ ಮೂತಿಗೆ ಒಂದು ಕೆಂಪು ಬಿಂದಿ ಅಂಟಿಸಿದೆ.
ಅಪ್ಪ ಮೆಟ್ಟಿಲು ಹತ್ತಿ ಬಂದ, ಕರೆಯದೆಯೇ,
ಒಂದು ಕೈಯಲ್ಲಿ ಸ್ಟೂಲು, ಇನ್ನೊಂದರಲ್ಲಿ
ಹೋಲ್ಡರಿಗೆ ಸಿಕ್ಕಿಸಿದ ನೂರು ಕ್ಯಾಂಡ್ಲು ಬಲ್ಬು,
ಅದಕ್ಕೆರಡು ವೈರಿನ ಬಾಲ.

"ಆರಿಸಿದೀನಪ್ಪ."
"ಆರ್ಸಿದ್ಮೇಲೂ ಅದರ ಹೊಟ್ಟೇಲಿ ನೆನ್ನೆ ಇರ್ತದೆ ಕಣವ್ವ."

ಅವನಿಗೆ ಗೊತ್ತು.
ಆರಿಸಿದ ಲೈನು ಅಂತಲೇ ಅವತ್ತು ಕಂಬ ಹತ್ತಿದ್ದು,
ಸ್ಟೇಷನ್ನಿನವರು ಪುಸ್ತಕದಲ್ಲಿ ಬರೆದು ಸಹಿ ಹಾಕಿದ್ದರು.
ಆ ಕೊನೆಯಲ್ಲಿ ಯಾವನೋ ಆಲೆಮನೆಯವನು
ಕಬ್ಬಿನ ಹಾಲು ಹುಳಿಯುತ್ತದೆಂದು
ಜನರೇಟರಿನ ಹ್ಯಾಂಡಲು ತಿರುವಿದ.
ಹೋದ ಕರೆಂಟು ಹಿಂಬಾಗಿಲಿಂದ ಬಂತು.
ಕಿರುಬೆರಳು, ಅದರ ಪಕ್ಕದ್ದು.
ಉಳಿದ ಮೂರನ್ನೇ ನೆಚ್ಚಿ ಇನ್ನೂ ಹನ್ನೊಂದು ವರ್ಷ ಕಂಬ ಹತ್ತಿದ.
ಬಿಸಿ ಬೆಲ್ಲದ ವಾಸನೆ ಬಂದರೆ ಈಗಲೂ
ಆ ಎಡಗೈ ತಾನಾಗಿ ಜೇಬಿಗೆ ಹೋಗುತ್ತದೆ.

ನಾಲ್ಕು ಸ್ಕ್ರೂ. ತಗಡು ತೆಗೆದರೆ
ಹಲ್ಲಿಯ ಮೊಟ್ಟೆಯ ಎರಡು ಸಿಪ್ಪೆ, ಅವುಗಳ ಪಕ್ಕ
ಲೋಟದೆತ್ತರದ ಬೆಳ್ಳಿ ಬಣ್ಣದ ಕೆಪಾಸಿಟರು,
ನೆತ್ತಿ ಉಬ್ಬಿ, ಅಂಚಿನಲ್ಲಿ ಎಣ್ಣೆ ಬೆವರಿ.
ಯಾವ ವೈರು ಎಲ್ಲಿತ್ತೆಂದು ಫೋಟೊ ತೆಗೆದುಕೊಂಡೆ,
ಮದುವಣಗಿತ್ತಿಯ ಜಡೆ ಬಿಚ್ಚುವ ಮುಂಚೆ ತೆಗೆಯುವ ಹಾಗೆ.

ಬಲ್ಬಿನ ಬಾಲಗಳನ್ನು ಅದರ ಎರಡು ಕಿವಿಗೆ
ಅಪ್ಪ ಮುಟ್ಟಿಸಿದ.
ಮಿಣ್.
ಅಂಗೈ ಮರೆ ಹಿಡಿಯದಿದ್ದರೆ
ಆ ಬಿಸಿಲಲ್ಲಿ ಕಾಣುತ್ತಲೂ ಇರಲಿಲ್ಲ.
ಇದ್ದ ನಿನ್ನೆ ಅಷ್ಟೇ.
"ಸತ್ತದೆ" ಅಂದ. "ಜೀವ ಇದ್ದಿದ್ರೆ ಕಣ್ ಹೊಡೀತಿತ್ತು. ಮೀಟ್ರು ಬ್ಯಾಡ."

ಬೇಕು. ನಾನು ನಂಬುವುದು ಅಂಕಿಯನ್ನು.
ಪೇಟೆಬೀದಿಯಲ್ಲಿ ಒಂಬೈನೂರು ಕೊಟ್ಟು ತಂದ ಹಳದಿ ಮೀಟರು.
ವೈರು ಕಿತ್ತು, ಬಿಲ್ಲೆ ತಿರುಗಿಸಿ ಆ ಗುರುತಿಗೆ ತಂದೆ:
ಎದುರುಬದುರು ನಿಂತು ಎಂದೂ ಮುಟ್ಟದ ಎರಡು ಗೆರೆ.
ಕೆಂಪು ಸೂಜಿ ಒಂದು ಕಿವಿಗೆ, ಕಪ್ಪು ಇನ್ನೊಂದಕ್ಕೆ.
ಅಂಕಿ ತಟ್ಟನೆ ಬರುವುದಿಲ್ಲ,
ಯೋಚಿಸುತ್ತದೆ.
ಮೈಮೇಲೆ ಬರೆದದ್ದು ಐವತ್ತು, ಐದು ಪರ್ಸೆಂಟು ಹೆಚ್ಚುಕಮ್ಮಿ.
ಪರದೆಯಲ್ಲಿ
ಒಂಬತ್ತು ಪಾಯಿಂಟ್ ಮೂರು.

ಅಪ್ಪ ಅಂಕಿ ನೋಡಲಿಲ್ಲ. ನನ್ನ ಮುಖ ನೋಡಿ
ಹೋಲ್ಡರಿಗೆ ವೈರು ಸುತ್ತತೊಡಗಿದ.

ಹೊಸದು ಮುನ್ನೂರ ಇಪ್ಪತ್ತು.
"ಲೈನ್‌ಮನ್ ಮಾಯಿಗಯ್ಯನ ಮಗಳಲ್ವಾ" ಅಂತ
ಅಂಗಡಿಯವನು ಇಪ್ಪತ್ತು ಬಿಟ್ಟ.
ಮನೆಗೆ ತಂದು ಅದನ್ನೂ ಅಳೆದೆ. ನಲವತ್ತೊಂಬತ್ತು ಚಿಲ್ಲರೆ.
ಪೆಟ್ಟಿಗೆಯ ಮೇಲಿನ ಬರಹವೂ
ಯಾರೋ ಹಾಕಿದ ಸಹಿಯೇ ತಾನೆ.

ಫೋಟೊ ನೋಡಿ ವೈರು ಸಿಕ್ಕಿಸಿ, ತಗಡು ಮುಚ್ಚಿ,
ಬಿಂದಿ ಕಿತ್ತೆ.
ಗುಂಯ್.
ಟಕ್ಕಿಗೆ ಕಾದೆ. ಬರಲಿಲ್ಲ.
ಇನ್ನೂ ಕಾದೆ.

ನಾಲ್ಕೂವರೆಗೆ ತೇಜಾವತಿ, ಮೊಣಕೈವರೆಗೆ ಮೆಹಂದಿ,
ಹಿಂದೆ ಆರು ಜನ ಹೆಂಗಸರು.
"ಅಬ್ಬ, ಎಷ್ಟ್ ತಣ್ಣಗದೆ" ಅಂತ ಕುರ್ಚಿಗೆ ಒರಗಿದಳು.
ಬಾಗಿಲಲ್ಲಿದ್ದ ಅಪ್ಪ ಸ್ಟೂಲು ಎತ್ತಿಕೊಂಡು
"ಈ ಥಂಡಿ ನಂಗಾಗಕಿಲ್ಲ" ಎಂದು ಬಿಸಿಲಿಗೆ ಹೋಗಿ ಕೂತ.
ಹಳೆಯದು ಅವನ ಖಾಕಿ ಪ್ಯಾಂಟಿನ ಜೇಬಿನಲ್ಲಿ ಉಬ್ಬಿಕೊಂಡಿತ್ತು,
ಅದರ ಜೊತೆ ಎಡಗೈ.