ತೊಂಬತ್ತೊಂಬತ್ತು

ಓದುತ್ತಿರುವುದು ಎಂ.ಎಸ್ಸಿ., ಎರಡನೇ ವರ್ಷ.
ಏನು ಸಬ್ಜೆಕ್ಟಮ್ಮಾ ಎಂದು ಬಸ್ಸಿನ ಪಕ್ಕದ ಸೀಟಿನಾಕೆ ಕೇಳಿದರೆ
'ಕೆಲಸದ ಜಾಗದಲ್ಲಿ ಮನಸ್ಸು' ಅನ್ನುತ್ತೇನೆ.
'ಕೆಲಸದ ಜಾಗದಲ್ಲಿ ಮನಸ್ಸೆಲ್ಲಿರತ್ತೆ, ಮನೇಲಿರತ್ತೆ'
ಎಂದು ನಕ್ಕು, ಚಿಂತಾಮಣಿಗೆ ಚಿಲ್ಲರೆ ಎಣಿಸುತ್ತಾಳೆ.

ಬ್ಯಾಗಿನಲ್ಲಿ ನಲವತ್ತು ಪ್ರಶ್ನಾವಳಿ,
ಒಂದೊಂದರಲ್ಲೂ ಇಪ್ಪತ್ತೆರಡು ಹೇಳಿಕೆ,
ಹೇಳಿಕೆಯ ಮುಂದೆ ಐದು ಮನೆ:
ಸುತರಾಂ ಒಪ್ಪುವುದಿಲ್ಲ, ಒಪ್ಪುವುದಿಲ್ಲ, ಹೇಳಲಾರೆ,
ಒಪ್ಪುತ್ತೇನೆ, ಪೂರ್ತಿ ಒಪ್ಪುತ್ತೇನೆ.
ಇಂಗ್ಲಿಷಿನಿಂದ ಕನ್ನಡಕ್ಕೆ ಇಳಿಸಿದವಳು ನಾನು.
ಮೂಲ ನೋಡದೆ ಮತ್ತೆ ಇಂಗ್ಲಿಷಿಗೆ ಹತ್ತಿಸಿದವಳು
ಹಾಸ್ಟೆಲಿನ ಅಂಬುಜಾಕ್ಷಿ, ಎರಡು ಮಸಾಲೆದೋಸೆಯ ಕೂಲಿಗೆ.
ಒಳಗೆಲ್ಲ ಉರಿದು ಬೂದಿಯಾಗುವುದಕ್ಕೆ ನಾನು
'ಬಳಲಿಕೆ' ಬರೆದಿದ್ದೆ. ಅವಳ ಕೈಯಲ್ಲಿ ಅದು
ಬರೀ ಟಯರ್ಡ್.
'ಸುಸ್ತು ಬೇರೆ, ಇದು ಬೇರೆ' ಅಂದರು ಗೈಡ್.
ಬೇರೆ ಪದ ಅವರಲ್ಲೂ ಇರಲಿಲ್ಲ.

ಶಿಡ್ಲಘಟ್ಟದಲ್ಲಿ ಇಳಿದರೆ ದಾರಿ ಕೇಳಬೇಕಿಲ್ಲ.
ಬೆಂದ ಹುಳದ ವಾಸನೆಯೇ ದುಪಟ್ಟಾ ಹಿಡಿದೆಳೆದು
ಇನಾಯತ್ ಸಾಬರ ಬಿಚ್ಚಾಣಿಕೆ ಶೆಡ್ಡಿಗೆ ಒಯ್ಯುತ್ತದೆ.
ಒಳ್ಳೆಯವರು. ಕುರ್ಚಿ ಹಾಕಿಸಿ, ಟೀ ತರಿಸಿ,
'ನಮ್ಮೋರೆಲ್ಲ ಖುಷಿಯಾಗವ್ರೆ, ಬರ್ಕೊಳ್ಳಿ' ಎಂದು
ಒಂದು ಫಾರಮ್ಮನ್ನು ತಾವೇ ತುಂಬಿಕೊಟ್ಟರು.
ಅದನ್ನು ಮಡಿಸಿ ಬೇರೆ ಜೇಬಿನಲ್ಲಿಟ್ಟೆ.

ನಾಲ್ಕನೇ ಬೇಸಿನ್ನಿನಲ್ಲಿ ಗಂಗುಲಮ್ಮ.
ಹಬೆಯಲ್ಲಿ ಮುಖ ಬಂದು ಬಂದು ಹೋಗುತ್ತಿತ್ತು.
ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿದಳು.
ಗೆರೆಯೇ ಇಲ್ಲದ ಒಂದು ನೀಲಿ ಮಚ್ಚೆ.
'ಬಿಸಿನೀರು ತಿಂದುಬಿಡ್ತಮ್ಮ. ರೇಷನ್ ಅಂಗಡಿ ಮಿಷನ್ನೂ
ನೀನ್ಯಾರು ಅನ್ನತ್ತೆ.'

ಕನ್ನಡದಲ್ಲಿ ನಾನು ಕೇಳುವುದು,
'ಏಮಂಟಾ ಉಂದೇ ಈ ಪಾಪ' ಎನ್ನುವ ಪಕ್ಕದವಳಿಗೆ
ಗಂಗುಲಮ್ಮ ತೆಲುಗಿನಲ್ಲಿ ಬಿಡಿಸಿ ಹೇಳುವುದು,
ಅದರಾಚೆಯ ಜೈತುನ್‌ಬೀ ಉರ್ದುವಿನಲ್ಲಿ ನಗುವುದು.
ಮೂರು ಭಾಷೆ ಸುತ್ತಿ ಬಂದ ಉತ್ತರಕ್ಕೆ
ನಾನು ಒಂದು ಟಿಕ್ ಹಾಕುವುದು.

ಒಂಬತ್ತನೇ ಹೇಳಿಕೆ:
ಕೆಲಸ ಮುಗಿದಾಗ ನನ್ನೊಳಗೆ ಏನೂ ಉಳಿದಿಲ್ಲ ಅನ್ನಿಸುತ್ತದೆ.
ಚರಕ ನಿಂತಿತು. ಗಂಗುಲಮ್ಮ ನೀರಿಗೆ ಕೈಹಾಕಿ
ಒಂದು ಗೂಡು ಎತ್ತಿ ಹಿಡಿದಳು.
'ಕಮ್ಮಿ ಬೆಂದ್ರೆ ತುದಿ ಸಿಗಲ್ಲ.
ಜಾಸ್ತಿ ಬೆಂದ್ರೆ ಸಿಗ್ತದೆ, ನಿಲ್ಲಲ್ಲ.
ಎಳೆದಂಗೆಲ್ಲ ಕಡೀತದೆ, ಕಡೀತದೆ,
ಕೊನೆಗೆ ಮುದ್ದೆ.
ಇದನ್ನ ಯಾವ ಮನೆಗೆ ಬರ್ಕೊಂತೀಯಮ್ಮ?'

ನಾನು ಪೆನ್ನು ಹಿಡಿದೇ ಕೂತಿದ್ದೆ.
'ಕೊಡಿಲ್ಲಿ, ಮೂರನೇ ಕ್ಲಾಸು ಓದಿವ್ನಿ' ಎಂದು
ತಾನೇ ಟಿಕ್ ಹಾಕತೊಡಗಿದಳು.
ಒದ್ದೆ ಬೆರಳು, ಒದ್ದೆ ಮಣಿಕಟ್ಟು.
ಒಂಬತ್ತರಿಂದ ಹದಿನಾಲ್ಕರವರೆಗೆ
ಶಾಯಿಯೆಲ್ಲ ಹರಡಿ ಒಂದು ಕೆರೆ.

ಗೈಡ್ ಕನ್ನಡಕ ಏರಿಸಿ ನೋಡಿದರು.
'ಗೂಡಿನ ಕಥೆ ಚೆನ್ನಾಗಿದೆ, ಪ್ರಬಂಧಕ್ಕೆ ಅಂಕಿ ಬೇಕು.
ಓದಕ್ಕಾಗದ ಕಡೆ ತೊಂಬತ್ತೊಂಬತ್ತು ಹಾಕಿ.'
ತೊಂಬತ್ತೊಂಬತ್ತು ಅಂದರೆ
ಉತ್ತರ ಇಲ್ಲ ಎಂದು ಗಣಕಕ್ಕೆ ಹೇಳುವ ಸನ್ನೆ.

ರಾತ್ರಿ ಚಿಕ್ಕಬಳ್ಳಾಪುರದಲ್ಲಿ ಕರೆಂಟು ಹೋಗಿ ಬಂದು,
ಲ್ಯಾಪ್‌ಟಾಪ್ ಮಡಿಲಲ್ಲಿಟ್ಟು ಆರು ಸಲ ಒತ್ತಿದೆ.
ಅದು ಮೌನ ಎಂದು ಮೊದಲೇ ತಿಳಿಸಬೇಕಿತ್ತು,
ಮರೆತೆ. ಯಂತ್ರ ಅದನ್ನೂ ಕೂಡಿಸಿತು.
ಐದು ದಾಟಬಾರದ ಕೋಷ್ಟಕದಲ್ಲಿ
ಒಂಬತ್ತನೇ ಹೇಳಿಕೆಯ ಸರಾಸರಿ ಆರು!
ಮೂವತ್ತೊಂದು ಹೆಂಗಸರನ್ನು ಒಬ್ಬಳೇ
ಅಳತೆಯಿಂದ ಆಚೆಗೆ ಎತ್ತಿಟ್ಟಿದ್ದಳು.

ಟೀ ಆರುವ ತನಕ ಹಾಗೇ ಬಿಟ್ಟೆ.
ಆಮೇಲೆ ತಿದ್ದಿದೆ, ತಿದ್ದದೆ ಇರಲಾದೀತೆ.
ಎರಡು ಪಾಯಿಂಟ್ ಒಂಬತ್ತು.
ಹೇಳಲಾರೆಯ ಹತ್ತಿರ ಹತ್ತಿರ.

ಗುರುವಾರ ವೈವಾ. ಅನುಬಂಧದಲ್ಲಿ ಆ ಹಾಳೆ ಸೇರಿಸಿದ್ದೇನೆ,
ಒಣಗಿ ಸೊಟ್ಟಗಾಗಿ ಉಳಿದ ಪುಟಗಳ ಜೊತೆ ಕೂರುತ್ತಿಲ್ಲ.
ಬಿ.ಬಿ. ರಸ್ತೆಯ ಬೈಂಡಿಂಗ್ ಹುಡುಗ ಮೂಗು ಹಿಡಿದು ಕೇಳಿದ:
'ಅಕ್ಕಾ, ಇದೊಂದು ವಾಸನೆ ಹೊಡೀತದೆ,
ಜೆರಾಕ್ಸ್ ಹಾಕಿಬಿಡ್ಲಾ?'