ಇಂಟು ಒತ್ತರಿ, ಟೀಚರ್

ರಂಗಂಪೇಟದ ಝೆರಾಕ್ಸ್ ಅಂಗಡಿ ಹಿಂದ
ಒಂದು ಕೋಣಿ, ಎರಡು ಟಿವಿ, ತಾಸಿಗಿ ಮೂವತ್ತು.
ಆಧಾರ್ ಪ್ರತಿ ತೆಗಸಲಾಕ ಹೋದಾಕಿ
ಮಷೀನ್ ಬಿಸಿ ಆಗೋತನಕ ಅಲ್ಲೇ ಕುಂತೆ.
ಮೌಲಾಲಿ ಕಂಟ್ರೋಲರ್ ಕೈಗಿಟ್ಟ.
ತ್ರಿಕೋನ, ಚೌಕ, ಸೊನ್ನಿ, ಇಂಟು.

"ಇಂಟು ಒತ್ತರಿ, ಟೀಚರ್."
ಇಪ್ಪತ್ತೆಂಟು ವರ್ಷ ಕೆಂಪು ಪೆನ್ನು ಹಿಡಿದ ಕೈ;
ಹೆಬ್ಬಟ್ಟು ಇಳೀಲಿಲ್ಲ.
"ತಪ್ಪಾಗತದಲ್ಲೋ?"
"ಇಲ್ರಿ, ಇಲ್ಲಿ ಇಂಟು ಅಂದ್ರ ಹ್ಞೂಂ ಅಂದಂಗ."

ಮೊದಲು ಜಪಾನದಾಗ ಸೊನ್ನಿನೇ ಸರಿ ಇತ್ತಂತ,
ಇಂಟು ನಮ್ಮ ಸಾಲಿಯಂಗ ತಪ್ಪೇ.
ತ್ರಿಕೋನ ಅಂದ್ರ ತಲಿ, ಮಾರಿ ಯಾವ ಕಡಿ ಅದ ಅಂತ.
ಚೌಕ ಒಂದು ಹಾಳಿ.
ಆಟ ಸಮುದ್ರ ದಾಟಿದ ಮ್ಯಾಲ
ಸರಿ ತಪ್ಪಿನ ಮನಿಗಿ, ತಪ್ಪು ಸರಿಯ ಮನಿಗಿ
ಸಾಮಾನು ಹೊತಗೊಂಡು ಹೋದ್ವಂತ.

ಇಷ್ಟೆಲ್ಲಾ ಹೇಳಿದಾಂವ
ಏಳನೇ ಕ್ಲಾಸಿನ ಮಾತು ಎತ್ತಲಿಲ್ಲ.
ಹೌದಿಗಿ ಎರಡು ನಳ, ಎಷ್ಟು ತಾಸಿನಾಗ ತುಂಬತದ?
ಉತ್ತರ ಬರೋಬ್ಬರಿ ಇತ್ತು. ದಾರಿ ಅವನದೇ.
ನಾ ಹಾಳಿ ತುಂಬ ಇಂಟು ಎಳೆದಿದ್ದೆ,
ಪೆನ್ನಿನ ಮೂತಿ ಹಿಂದಿನ ಪುಟಕ್ಕೂ ಇಳಿದಿತ್ತು.

ಈ ಗುಂಡಿ ಮ್ಯಾಲಿನ ಇಂಟು
ಎಷ್ಟು ಹುಡುಗರ ಹೆಬ್ಬಟ್ಟಿಗಿ ಸವೆದಿತ್ತೋ,
ಒಂದು ಗೀಟು ಹೋಗಿ ಒಂದು ಉಳಿದಿತ್ತು.
ಒತ್ತಿದೆ.
ಟಿವಿಯೊಳಗಿನ ಸಣ್ಣಾಂವ ತಗ್ಗು ಜಿಗಿದ,
ನಿಂತ, ನನ್ನ ಕಡಿ ತಿರುಗಿ ನೋಡಲಿಲ್ಲ.

"ಎರಡು ಪ್ರತಿ, ಆರು ರೂಪಾಯಿ, ಟೀಚರ್."
ಇಪ್ಪತ್ತು ಕೊಟ್ಟೆ.
ಹದಿನಾಲ್ಕು ತಿರುಗಿ ಕೊಟ್ಟ,
ಎಣಿಸಲೇ ಇಲ್ಲ ಅಂವ.
ನಾ ಎಣಿಸಿದೆ.